ಹಳೆಯ ಹಬೆ ಎಂಜಿನ್ ಮಾದರಿ ಕೈಗೆ ಬಂದಿದೆ: ಬೆಂಕಿ ಹಾಕಲೇ, ಬೀರುವಿನಲ್ಲಿ ಇಡಲೇ?

ಹೊಸಹಳಿ

ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ಸೋದರಮಾವನ ಸಾಮಾನಿನ ಜೊತೆ ಒಂದು ಹಬೆ ಎಂಜಿನ್ ಮಾದರಿ ನನ್ನ ಪಾಲಿಗೆ ಬಂದಿದೆ. ಬರೀ ನೋಡುವುದಕ್ಕೆ ಮಾಡಿದ್ದಲ್ಲ, ಕಲ್ಲಿದ್ದಲು ಹಾಕಿ ನಿಜವಾಗಿ ಓಡಿಸುವಂಥದ್ದು. ಮೂರೂವರೆ ಇಂಚು ಗೇಜಿನ 0-4-0 (ಅಂದರೆ ನಾಲ್ಕೇ ಚಕ್ರದ) ಟ್ಯಾಂಕ್ ಎಂಜಿನ್, ನೀರಿನ ತೊಟ್ಟಿ ಎಂಜಿನ್ ಮೇಲೇ ಇರುವಂಥದ್ದು. ತಾಮ್ರದ ಬಾಯ್ಲರ್, ಹೊರಗಡೆ ಎರಡು ಸಿಲಿಂಡರ್, ಹಬೆ ಬಿಡುವ ವಾಲ್ವ್ ಆಡಿಸಲು ವಾಲ್ಷಾರ್ಟ್ಸ್ ವಾಲ್ವ್ ಗೇರ್. ಮಾವ ಇದನ್ನು ತಾವೇ ಕಟ್ಟಿದರೋ ಯಾರಿಂದಲೋ ತಗೊಂಡರೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾಗದಪತ್ರ ಏನೂ ಸಿಕ್ಕಿಲ್ಲ. ಬಾಯ್ಲರ್ ಮೇಲೆ ಕಣ್ಣಿಗೆ ಕಾಣುವ ಕಡೆ ಯಾವ ನಂಬರೂ ಕೊರೆದಿಲ್ಲ.

ಸ್ಥಿತಿ ಹೀಗಿದೆ. ಹಸಿರು ಬಣ್ಣ ಬಹುಪಾಲು ಚೆನ್ನಾಗಿದೆ, ಕೈ ಹಿಡಿಯುವ ಜಾಗದಲ್ಲಿ ಮಾತ್ರ ಸವೆದು ಲೋಹ ಕಾಣುತ್ತಿದೆ. ಸೇಫ್ಟಿ ವಾಲ್ವ್ ಕಿಲುಬು ಹಿಡಿದು ಅಂಟಿಕೊಂಡಿದೆ. ಎಂಜಿನ್ ತಣ್ಣಗಿದ್ದರೂ ಪ್ರೆಷರ್ ಗೇಜಿನ ಮುಳ್ಳು 20ರ ಹತ್ತಿರ ನಿಂತಿದೆ. ಚಕ್ರ ಕೈಯಲ್ಲಿ ತಿರುಗಿಸಿದರೆ ತಿರುಗುತ್ತವೆ, ಆದರೆ ಸುತ್ತಿನ ಒಂದು ಜಾಗಕ್ಕೆ ಬಂದಾಗ ಬಿಗಿಯಾಗುತ್ತದೆ.

ತಮ್ಮ ಹೇಳುತ್ತಾನೆ, ಹಿತ್ತಾಳೆ ಭಾಗ ಎಲ್ಲ ಉಜ್ಜಿ ಹೊಳೆಸಿ ಬೀರುವಿನಲ್ಲಿ ಇಡೋಣ ಅಂತ. ನನಗೆ ಅದು ಹಬೆ ಬಿಟ್ಟುಕೊಂಡು ಓಡೋದನ್ನು ನೋಡುವ ಆಸೆ. ತಿಳಿದವರು ದಾರಿ ಹೇಳಿ.

ಲೇತ್_ಮನೆ

ಮೊದಲು ಬೆಂಕಿಪೊಟ್ಟಣ ದೂರ ಇಡಿ. ಕಾಗದ ಇಲ್ಲದ ಬಾಯ್ಲರ್ ಅಂದರೆ ಪರೀಕ್ಷೆಯೇ ಆಗಿಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ.

ಗಾಜಿನ_ಬೀರು

ಮತ್ತೆ ಹಿತ್ತಾಳೆ ಉಜ್ಜುವ ಬ್ರಾಸೋ ಕೂಡ ದೂರ ಇಡಿ! ದಯವಿಟ್ಟು ಏನನ್ನೂ ಉಜ್ಜಬೇಡಿ. ಉಳಿದದ್ದು ಆಮೇಲೆ ವಿವರವಾಗಿ ಬರೆಯುತ್ತೇನೆ.

ಬಾಯ್ಲರ್_ಅಜ್ಜ

@ಹೊಸಹಳಿ, ನೀವು ವರ್ಣಿಸಿದ ಪ್ರಕಾರ ಅದು ಟಿಚ್ ವಿನ್ಯಾಸದ ಎಂಜಿನ್ ಇರಬಹುದು. ಎಲ್‌ಬಿಎಸ್‌ಸಿ ಅನ್ನುವ ಕಾವ್ಯನಾಮದಲ್ಲಿ ಬರೆಯುತ್ತಿದ್ದವರು ಹೊಸಬರಿಗೆಂದೇ ರೂಪಿಸಿದ ಮೂರೂವರೆ ಇಂಚಿನ ಪುಟ್ಟ ಟ್ಯಾಂಕ್ ಎಂಜಿನ್ ಅದು. ಲೋಕದ ನಾನಾ ಕಡೆ ಜನ ಮನೆಯ ಲೇತ್‌ನಲ್ಲೇ ಕಟ್ಟಿದ್ದಾರೆ. ಚಿತ್ರ ಹಾಕಿದರೆ ಖಚಿತವಾಗಿ ಹೇಳಬಹುದು.

ಈಗ ಬಾಯ್ಲರ್ ವಿಷಯ. ಮೊದಲ ಕೆಲಸ ಕಣ್ಣಿನದು. ಕುಲುಮೆಯ ಬಾಗಿಲಿನಿಂದ ಸಣ್ಣ ಟಾರ್ಚ್ ಬಿಟ್ಟು ಫೈರ್‌ಬಾಕ್ಸಿನ ಗೋಡೆ ನೋಡಿ. ಸ್ಟೇಗಳ (ಒಳ-ಹೊರ ತಗಡನ್ನು ಹಿಡಿದಿಡುವ ಸರಳುಗಳ) ನಡುವೆ ತಾಮ್ರದ ತಗಡು ಉಬ್ಬಿದೆಯೇ? ಕೊಳವೆಗಳ ತುದಿಯಲ್ಲಿ ಬಿಳಿ ಅಥವಾ ಹಸಿರು ಕರೆ ಇದೆಯೇ? ಆಮೇಲೆ ಬೆಸುಗೆ. ಬೆಳ್ಳಿ ಬೆಸುಗೆ ಗಟ್ಟಿ, ಕರಗಬೇಕಾದರೆ ಆರುನೂರು ಡಿಗ್ರಿಗೂ ಮೇಲೆ ಕಾಯಿಸಬೇಕು. ಸೀಸದ ಮೆತು ಬೆಸುಗೆ ಸುಮಾರು 180-190 ಡಿಗ್ರಿಗೇ ಮೆತ್ತಗಾಗುತ್ತದೆ, ಚಾಕುವಿನ ಮೊನೆಯಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಒಳಗಿನ ನೀರೇ ಸುಮಾರು 160 ಡಿಗ್ರಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ನೀರಿನ ಮಟ್ಟ ಸ್ವಲ್ಪ ಇಳಿದರೂ ಮೆತು ಬೆಸುಗೆ ಕೈಕೊಡುತ್ತದೆ. ಹಳೆಯ ಬಾಯ್ಲರ್‌ಗಳಲ್ಲಿ ಸ್ಟೇ ತಲೆಗಳಿಗೆ ಸೋರದಿರಲೆಂದು ಮೆತು ಬೆಸುಗೆ ಹಚ್ಚಿರುವುದು ಉಂಟು, ಅದು ಬೇರೆ ಮಾತು. ಜೋಡಣೆಯ ಭಾರ ಹೊತ್ತಿರುವುದು ಅದೇ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಕಣ್ಣಿಗೆ ಸರಿ ಅನ್ನಿಸಿದರೆ ನೀರಿನ ಪರೀಕ್ಷೆ. ಸೇಫ್ಟಿ ವಾಲ್ವ್, ಗೇಜ್ ಎಲ್ಲ ಬಿಚ್ಚಿ ಆ ತೂತುಗಳಿಗೆ ಪ್ಲಗ್ ಹಾಕಿ, ಗಾಳಿಯ ಒಂದು ಗುಳ್ಳೆಯೂ ಉಳಿಯದ ಹಾಗೆ ತಣ್ಣೀರು ತುಂಬಿ, ಕೈಪಂಪಿನಿಂದ ನಿಧಾನವಾಗಿ ಒತ್ತಡ ಏರಿಸಬೇಕು. ಅಳೆಯುವುದಕ್ಕೆ ನಂಬಿಕೆಯ ಬೇರೆ ಗೇಜ್ ಇರಲಿ. ತಣ್ಣಗಿರುವಾಗ 20 ತೋರಿಸುವ ನಿಮ್ಮ ಗೇಜ್ ಕಾದ ಮೇಲೆ ಎಷ್ಟು ತೋರಿಸೀತು ಅಂತ ಯಾರು ಹೇಳಬಲ್ಲರು? ಹೊಸ ಬಾಯ್ಲರ್‌ಗೆ ಕೆಲಸದ ಒತ್ತಡದ ಎರಡು ಪಟ್ಟು, ಆಮೇಲಿನ ಪರೀಕ್ಷೆಗಳಿಗೆ ಒಂದೂವರೆ ಪಟ್ಟು ಅನ್ನುವುದು ಸಾಮಾನ್ಯ ಪದ್ಧತಿ. 80 ಪೌಂಡಿನ ಬಾಯ್ಲರ್‌ಗೆ 160, ಆಮೇಲೆ 120. ಇದನ್ನು ಒಬ್ಬರೇ ಮಾಡಬೇಡಿ. ಮಾಡೆಲ್ ಎಂಜಿನಿಯರಿಂಗ್ ಕ್ಲಬ್ಬುಗಳಲ್ಲಿ ಇದಕ್ಕೆಂದೇ ಬಾಯ್ಲರ್ ಪರೀಕ್ಷಕರು ಇರುತ್ತಾರೆ, ಅವರ ಕೈಯಲ್ಲೇ ಆಗಲಿ.

ಶಿಳ್ಳೆ

ಇಷ್ಟೆಲ್ಲ ಯಾಕೆ ಮಾರಾಯ್ರೇ, ಕಂಪ್ರೆಸರಿನ ಗಾಳಿ ಬಿಟ್ಟು ನೋಡಿದರೆ ಸೋರುವುದು ಗೊತ್ತಾಗುವುದಿಲ್ಲವಾ? ಸಾಬೂನು ನೀರು ಹಚ್ಚಿದರೆ ಗುಳ್ಳೆ ಬರ್ತದೆ. ಅರ್ಧ ಗಂಟೆಯ ಕೆಲಸ.

ಲೇತ್_ಮನೆ

@ಶಿಳ್ಳೆ ಬೇಡ. ಬಾಯ್ಲರ್‌ಗೆ ಗಾಳಿ ಬೇಡವೇ ಬೇಡ. ನೀರನ್ನು ಒತ್ತಿದರೂ ಅದು ಕುಗ್ಗುವುದಿಲ್ಲ, ಹಾಗಾಗಿ ಅದರಲ್ಲಿ ಶಕ್ತಿ ಕೂಡಿಕೊಂಡಿರುವುದಿಲ್ಲ. ತಗಡು ಬಿರಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ತಕ್ಷಣ ಸೊನ್ನೆಗೆ ಬೀಳುತ್ತದೆ. ಗಾಳಿ ಹಾಗಲ್ಲ, ಕುಗ್ಗಿ ಕೂತಿರುತ್ತದೆ, ಬಿರುಕು ಸಿಕ್ಕ ಕೂಡಲೇ ಹಿಗ್ಗಿ ತಗಡನ್ನು ಹರಿದುಕೊಂಡು ಹೊರಬರುತ್ತದೆ. ನೀರು ತುಂಬಿದ ಬಲೂನಿಗೂ ಗಾಳಿ ತುಂಬಿದ ಬಲೂನಿಗೂ ಸೂಜಿ ಚುಚ್ಚಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಶಿಳ್ಳೆ

ಆದರೆ ಎಷ್ಟೋ ಜನ ಗಾಳಿಯಲ್ಲಿ ಎಂಜಿನ್ ಓಡಿಸ್ತಾರಲ್ಲ? ಪ್ರದರ್ಶನಗಳಲ್ಲೂ ಹಾಗೇ ಓಡಿಸ್ತಾರೆ. ನಾನೇ ನೋಡಿದ್ದೇನೆ.

ಬಾಯ್ಲರ್_ಅಜ್ಜ

ಓಡಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಅಲ್ಲಿ ಗಾಳಿ ಹೋಗುವುದು ಸಿಲಿಂಡರ್‌ಗೆ, ಬಾಯ್ಲರ್‌ಗಲ್ಲ. ಹಬೆಯ ಕೊಳವೆ ಬಿಚ್ಚಿ ನೇರವಾಗಿ ಸಿಲಿಂಡರ್ ಕಡೆಗೆ 20-30 ಪೌಂಡ್ ಗಾಳಿ ಕೊಟ್ಟರೆ ಸಾಕು, ಸ್ಥಿತಿ ಚೆನ್ನಾಗಿದ್ದರೆ ಇನ್ನೂ ಕಡಿಮೆಯಲ್ಲೇ ಓಡುತ್ತದೆ. ಒಣ ಗಾಳಿಗೆ ಎಣ್ಣೆ ಧಾರಾಳವಾಗಿ ಬೇಕು, ಇಲ್ಲದಿದ್ದರೆ ಸಿಲಿಂಡರ್ ಗೀಚಿಕೊಳ್ಳುತ್ತದೆ.

ಗಾಜಿನ_ಬೀರು

ಹೇಳಿದ ಹಾಗೆ ಬಂದೆ. ಸಂಗ್ರಹಕಾರನ ಕಡೆಯಿಂದ ಒಂದೆರಡು ಮಾತು.

ಇಂಥ ಎಂಜಿನ್‌ನಲ್ಲಿ ಕಟ್ಟಿದವನ ಕೈ ಕಾಣುತ್ತದೆ. ಸ್ಕ್ರೂ ತಲೆಯ ಆಕಾರ, ಅರದ ಗುರುತು, ಬಣ್ಣದ ಗೆರೆ ಎಳೆದ ರೀತಿ, ಇವೇ ಅದರ ದಾಖಲೆ. ಕಾಗದ ಇಲ್ಲದ ಎಂಜಿನ್‌ಗಂತೂ ಬೇರೆ ದಾಖಲೆಯೇ ಇಲ್ಲ. ಹಿತ್ತಾಳೆಗೆ ಪಾಲಿಷ್ ಹಾಕಿದಾಗ ಪ್ರತಿ ಸಲ ಲೋಹದ ಒಂದು ಪದರ ಹೋಗುತ್ತದೆ, ಅಂಚು ದುಂಡಗಾಗುತ್ತದೆ, ಬಿಳಿ ಪುಡಿ ರಿವೆಟ್ಟುಗಳ ಸಂದಿನಲ್ಲಿ ಕೂತು ಮತ್ತೆ ಹೊರಬರುವುದಿಲ್ಲ. ಹೊಸ ಬಣ್ಣ ಹೊಡೆದರೆ ಸಂಗ್ರಹಕಾರರ ಕಣ್ಣಲ್ಲಿ ಅದರ ಬೆಲೆ ಇಳಿದುಹೋಯಿತು, ಕೆಲಸ ಎಷ್ಟೇ ಚೆಂದ ಇದ್ದರೂ ಸರಿ. ಮೆತ್ತನೆ ಬ್ರಶ್‌ನಲ್ಲಿ ಧೂಳು ತೆಗೆಯಿರಿ, ಹಳೆಯ ಎಣ್ಣೆಯನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ, ತೇವ ಏರಿಳಿಯದ ಜಾಗದಲ್ಲಿ ಇಡಿ.

ನನ್ನ ನೇರ ಅಭಿಪ್ರಾಯ: ಓಡಿಸಬೇಡಿ. ಓಡಿದ ಎಂಜಿನ್ ಸವೆಯುತ್ತದೆ. ಹಬೆ, ಬಿಸಿ ಎಣ್ಣೆ, ಗಂಧಕ ತುಂಬಿದ ಹೊಗೆ ಇಷ್ಟೂ ಸೇರಿ ಬಣ್ಣವನ್ನು ತಿನ್ನುತ್ತವೆ. ಓಡಿಸುವ ಆಸೆ ಇದ್ದರೆ ಹೊಸ ಎಂಜಿನ್ ತಗೊಳ್ಳಿ, ಅದೇ ವಿನ್ಯಾಸದ್ದು ಕಟ್ಟಿ.

ಕಂಚಿನ_ಬುಶ್

@ಗಾಜಿನ_ಬೀರು, ಪಾಲಿಷ್ ಮತ್ತು ಬಣ್ಣದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಓಡಿಸಬೇಡಿ ಅನ್ನುವುದನ್ನು ಒಪ್ಪಲಾರೆ. ಇಂಥದ್ದೊಂದು ಎಂಜಿನ್ ಕಟ್ಟಿದವನು ಒಳಗೆ ಪಂಪ್ ಕೂಡಿಸಿದ, ಕೂದಲೆಳೆ ಲೆಕ್ಕದಲ್ಲಿ ವಾಲ್ವ್ ಹೊಂದಿಸಿದ, ಹಬೆಯನ್ನು ಇನ್ನಷ್ಟು ಕಾಯಿಸುವ, ಯಾರ ಕಣ್ಣಿಗೂ ಬೀಳದ ಸೂಪರ್‌ಹೀಟರ್ ಕೊಳವೆ ಬಗ್ಗಿಸಿದ. ಬೀರುವಿಗಾಗಿ ಅಲ್ಲ. ನೋಡುವುದಕ್ಕೆ ಮಾತ್ರ ಆಗಿದ್ದರೆ ಮರದ ದಿಮ್ಮಿಯಲ್ಲೂ ಬಾಯ್ಲರ್ ಮಾಡಬಹುದಿತ್ತು. ಮೇಲಾಗಿ ನಿಂತ ಎಂಜಿನ್ ಏನು ಹಾಳಾಗದೇ ಇರುತ್ತದೆಯೇ? ಸಿಲಿಂಡರ್‌ನಲ್ಲಿ ಉಳಿದ ತೇವಕ್ಕೆ ಉಕ್ಕಿನ ಭಾಗ ತುಕ್ಕು ಹಿಡಿಯುತ್ತದೆ, ಎಣ್ಣೆ ಒಣಗಿ ಅಂಟಾಗುತ್ತದೆ. ನಿಂತಲ್ಲೇ ನಿಂತದ್ದಕ್ಕೇ ಅಲ್ಲವೇ ಇವರ ಸೇಫ್ಟಿ ವಾಲ್ವ್ ಅಂಟಿಕೊಂಡಿರುವುದು?

ಗಾಜಿನ_ಬೀರು

ಸಿಲಿಂಡರ್‌ಗೆ ಎಣ್ಣೆ ಬಿಟ್ಟು ಆಗಾಗ ಕೈಯಲ್ಲಿ ಚಕ್ರ ತಿರುಗಿಸಿದರೆ ಅಷ್ಟು ಸಾಕು. ಅದಕ್ಕೆ ಬೆಂಕಿ ಬೇಕಿಲ್ಲ.

ಕಂಚಿನ_ಬುಶ್

ಹಾಗೆ ಮಾಡುವ ಸಂಗ್ರಹಕಾರರು ಎಷ್ಟು ಜನ ಇದ್ದಾರೆ ಹೇಳಿ.

ನಾಲ್ಕು_ಚಕ್ರ

ಇಬ್ಬರೂ ಜಗಳ ನಿಲ್ಲಿಸಿ, ಅದಕ್ಕಿಂತ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ. ಹಳೆಯ ಎಂಜಿನ್‌ಗಳ ಬಾಯ್ಲರ್ ಸುತ್ತ ತಗಡಿನ ಹೊದಿಕೆ ಇರುತ್ತದಲ್ಲ, ಅದರ ಕೆಳಗೆ ಶಾಖ ತಡೆಯಲು ಕಲ್ನಾರು (ಆಸ್ಬೆಸ್ಟಾಸ್) ಸುತ್ತಿರುವುದು ಬಹಳ ಸಾಮಾನ್ಯ. ಪಿಸ್ಟನ್ ಗ್ಲ್ಯಾಂಡಿನ ಪ್ಯಾಕಿಂಗ್ ದಾರವೂ ಕಲ್ನಾರಿನದೇ ಇರಬಹುದು. @ಹೊಸಹಳಿ, ಬೂದು ಅಥವಾ ಬಿಳಿ ನಾರಿನಂಥದ್ದು ಕಂಡರೆ ಊದಬೇಡಿ, ಒಣಗಿದ್ದಾಗ ಕೀಳಬೇಡಿ, ಬ್ರಶ್ ಹಾಕಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ. ತಿಳಿದವರಿಂದ ಪರೀಕ್ಷೆ ಮಾಡಿಸಿ ಆಮೇಲೆ ಮುಂದುವರಿಯಿರಿ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು, ಆದ್ದರಿಂದ ಉಪ್ಪುಕಾಗದ ಹಾಕಿ ಉಜ್ಜುವುದೂ ಬೇಡ.

ಹೊಸಹಳಿ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಹೊದಿಕೆ ಮುಟ್ಟಿಲ್ಲ. ಪರೀಕ್ಷೆ ಆಗುವವರೆಗೂ ಮುಟ್ಟುವುದಿಲ್ಲ. ತುಂಬಾ ಥ್ಯಾಂಕ್ಸ್.

ಕಿರುಗೇಜ್

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮೂರೂವರೆ ಇಂಚು ಅಂದರೆ ಎಂಜಿನ್ ಎತ್ತರವೇ? ಸ್ಕೇಲ್ ಬೇರೆ, ಗೇಜ್ ಬೇರೆ ಅನ್ನುತ್ತಾರೆ. ನನ್ನ ಹತ್ತಿರ ಇರುವುದೆಲ್ಲ ಎಚ್‌ಒ ಅಳತೆಯ ಪುಟ್ಟ ವಿದ್ಯುತ್ ಎಂಜಿನ್‌ಗಳು, ಅದಕ್ಕೇ ಕೇಳಿದೆ.

ಮೆಲ್ಲಗೆ_ಹೊರಡು

@ಕಿರುಗೇಜ್ ಗೇಜ್ ಅಂದರೆ ಎರಡು ಹಳಿಗಳ ಒಳಅಂಚಿನ ನಡುವಿನ ಅಂತರ. ಸ್ಕೇಲ್ ಅಂದರೆ ನಿಜವಾದ ಎಂಜಿನ್‌ಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ. 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜನ್ನು 16ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೂರೂವರೆ ಇಂಚು, ಅಂದರೆ 89 ಮಿ.ಮೀ. ಬರುತ್ತದೆ. ಆ ಹಳಿಯ ಮೇಲೆ ಸ್ಟ್ಯಾಂಡರ್ಡ್ ಗೇಜ್ ಎಂಜಿನ್ ಮಾದರಿ 1:16 ಇರುತ್ತದೆ. ಐದು ಇಂಚಿನದ್ದು ಸುಮಾರು 1:11, ಏಳೂಕಾಲು ಇಂಚಿನದ್ದು ಸುಮಾರು 1:8. ಉತ್ತರ ಅಮೆರಿಕದ ಬಹುಭಾಗದಲ್ಲಿ ಏಳೂಕಾಲರ ಬದಲು ಏಳೂವರೆ ಇಂಚಿನ ಹಳಿ ಹಾಕುತ್ತಾರೆ, ಅದಕ್ಕೇ ಎಂಜಿನ್ ಅತ್ತಿತ್ತ ಒಯ್ಯುವವರಿಗೆ ತಲೆನೋವು.

ಗೇಜ್ ಒಂದೇ ಇದ್ದು ಸ್ಕೇಲ್ ಬೇರೆ ಬೇರೆ ಇರುವುದೂ ಉಂಟು. 45 ಮಿ.ಮೀ. ಹಳಿಯ ಮೇಲೆ 1:32 ಸ್ಟ್ಯಾಂಡರ್ಡ್ ಗೇಜ್ ಎಂಜಿನ್ ಓಡುತ್ತದೆ, ಅದೇ ಹಳಿಯ ಮೇಲೆ 1:22.5 ಮೀಟರ್ ಗೇಜ್ ಎಂಜಿನ್ ಕೂಡ ಓಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹಳಿ ಒಂದೇ, ಆದರೆ ಡ್ರೈವರ್ ಗೊಂಬೆಗಳ ಎತ್ತರ ಬೇರೆ. ಈ ಗೇಜ್ ನಂಬರುಗಳ ಪದ್ಧತಿಗೆ ದಾರಿ ಹಾಕಿದ್ದು ಜರ್ಮನಿಯ ಆಟಿಕೆ ಕಂಪನಿ ಮಾರ್ಕ್ಲಿನ್, 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ.

ನಾಲ್ಕು_ಚಕ್ರ

ಎಚ್‌ಒ ಮತ್ತು ಒಒ ಗೊಂದಲವನ್ನೂ ಸೇರಿಸಿ. ಎರಡಕ್ಕೂ ಹಳಿ 16.5 ಮಿ.ಮೀ. ಎಚ್‌ಒ 1:87, ಅದಕ್ಕೆ ಹಳಿ ಸರಿಹೊಂದುತ್ತದೆ. ಒಒ 1:76, ಹಾಗಾಗಿ ಎಂಜಿನ್ ದೊಡ್ಡದು, ಹಳಿ ಕಿರಿದು. ಅದನ್ನು ಸಹಿಸದವರು ಅದೇ ಸ್ಕೇಲಿಗೆ 18.2 ಅಥವಾ 18.83 ಮಿ.ಮೀ. ಹಳಿಯನ್ನು ಕೈಯಿಂದಲೇ ಹಾಕುತ್ತಾರೆ.

ಕಿರುಗೇಜ್

ಹಾಗಾದರೆ 1676 ಮಿ.ಮೀ. ಬ್ರಾಡ್‌ಗೇಜ್ ಎಂಜಿನನ್ನು ಎಚ್‌ಒನಲ್ಲಿ ಮಾಡಿದರೆ?

ಮೆಲ್ಲಗೆ_ಹೊರಡು

1:87ಕ್ಕೆ 19.3 ಮಿ.ಮೀ. ಹಳಿ ಬೇಕು. ಸಿದ್ಧ ಹಳಿ 16.5. ಹೆಚ್ಚಿನವರು ಸಿದ್ಧ ಹಳಿಗೇ ಹೊಂದಿಕೊಂಡು ಮೇಲಿನ ಭಾಗ ಮಾತ್ರ ಸರಿಯಾದ ಅಳತೆಗೆ ಮಾಡುತ್ತಾರೆ. ಮುಂದಿನಿಂದ ನೋಡಿದಾಗ ಚಕ್ರಗಳು ಒಳಗೆ ಸರಿದ ಹಾಗೆ ಕಾಣುತ್ತವೆ. ನನಗೆ ಅದು ಸಹಿಸುವುದಿಲ್ಲ, ಹಾಗಾಗಿ ಹಳಿ ಮತ್ತು ಆಕ್ಸಲ್ ಎರಡನ್ನೂ ನಾನೇ ಮಾಡಿಕೊಳ್ಳುತ್ತೇನೆ.

ಸತುವಿನ_ಸಂಕಟ

ವಿದ್ಯುತ್ ಎಂಜಿನ್ ಸಂಗ್ರಹಿಸುವವರು ಇದ್ದೀರಿ ಅಂತ ಕಂಡಿತು, ಅದಕ್ಕೇ ಒಂದು ಮಾತು. ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾದರಿ ಕೊಳ್ಳುವಾಗ ಎರಕದ ಸತುವಿನ ಭಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ, ಅದರಲ್ಲೂ ಚಕ್ರಗಳನ್ನು. ಸತುವಿನ ಮಿಶ್ರಲೋಹದಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ಲೋಹದ ಕಣಗಳ ನಡುವೆ ಕೊಳೆತ ಶುರುವಾಗುತ್ತದೆ. ಮೊದಲು ಮೇಲ್ಮೈಯಲ್ಲಿ ಜೇಡನ ಬಲೆಯಂಥ ಗೆರೆ, ಆಮೇಲೆ ಉಬ್ಬು, ಕೊನೆಗೆ ಮುಟ್ಟಿದರೆ ಪುಡಿ. ಒಂದು ಕಡೆ ಉಬ್ಬಿದ ಚಾಸಿಸ್ ಬಾಗಿ ಮೇಲಿನ ಬಾಡಿಯನ್ನೂ ಸೀಳುತ್ತದೆ. ಇದಕ್ಕೆ ಮದ್ದಿಲ್ಲ. ಶೆಕೆ ಮತ್ತು ತೇವ ಕಡಿಮೆ ಇರುವ ಕಡೆ ಇಟ್ಟರೆ ನಿಧಾನವಾಗುತ್ತದೆ ಅಷ್ಟೇ. ಪಕ್ಕದ ಎಂಜಿನ್‌ಗೆ ಅಂಟುತ್ತದೆ ಅನ್ನುವ ಮಾತು ಮಾತ್ರ ಸುಳ್ಳು.

ಇನ್ನೊಂದು: ಹಳೆಯ ಮೋಟಾರ್ ಬಿಚ್ಚುವ ಮುಂಚೆ ಯೋಚಿಸಿ. ಹಳೆಯ ಅಲ್ನಿಕೊ ಅಯಸ್ಕಾಂತದ ನಡುವಿನಿಂದ ಆರ್ಮೇಚರ್ ಹೊರತೆಗೆದರೆ ಅಯಸ್ಕಾಂತದ ಬಲ ಕುಗ್ಗುತ್ತದೆ. ಮತ್ತೆ ಜೋಡಿಸಿದಾಗ ಎಂಜಿನ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ತೆಗೆಯಲೇಬೇಕಾದರೆ ಆ ಜಾಗಕ್ಕೆ ಮೆತು ಕಬ್ಬಿಣದ ತುಂಡು ಇಟ್ಟು ತೆಗೆಯಿರಿ.

ಗಾಜಿನ_ಬೀರು

@ಸತುವಿನ_ಸಂಕಟ ಬಹಳ ಉಪಯುಕ್ತ ಮಾತು. ಹಾಗೇ, ಹಳೆಯ ಪೆಟ್ಟಿಗೆಯನ್ನು ಎಸೆಯಬೇಡಿ ಅನ್ನುವುದನ್ನೂ ಸೇರಿಸಿ. ಎಂಜಿನನ್ನು ಮಾತ್ರ ಬೇರೆ ಒಳ್ಳೆಯ ಪೆಟ್ಟಿಗೆಯಲ್ಲಿ ಇಡಿ, ಹಳೆಯ ರಟ್ಟಿನಲ್ಲಿರುವ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ.

ಶಿಳ್ಳೆ

ಒಒನಲ್ಲೂ ನಿಜವಾದ ಹಬೆ ಎಂಜಿನ್ ಬಂದಿತ್ತು ಗೊತ್ತುಂಟಾ? 2003ರಲ್ಲಿ ಬ್ರಿಟನ್ನಿನ ಮಾದರಿ ರೈಲು ಕಂಪನಿ ಹಾರ್ನ್‌ಬಿ ತಂದದ್ದು, ಮ್ಯಾಲಾರ್ಡ್ ಅನ್ನುವ ಹೆಸರಾಂತ ಬ್ರಿಟಿಷ್ ಎಂಜಿನ್ನಿನ ಮಾದರಿ. ಬೆಂಕಿಯೇ ಇಲ್ಲ. ಹಳಿಯಿಂದ ಕರೆಂಟ್ ತಗೊಂಡು ಟೆಂಡರಿನೊಳಗೆ (ಎಂಜಿನ್ ಹಿಂದಿನ ಗಾಡಿಯೊಳಗೆ) ನೀರು ಕಾಯಿಸಿ, ಆ ಹಬೆಯಿಂದ ಪಿಸ್ಟನ್ ಓಡುತ್ತದೆ. ಅಂಗೈಯಷ್ಟು ಜಾಗದಲ್ಲಿ!

ಕಂಚಿನ_ಬುಶ್

ಹೌದು, ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಮೆಚ್ಚಲೇಬೇಕಾದ ಕೆಲಸ. ಆದರೆ ವೇಗ ಹತೋಟಿಗೆ ತರುವುದು ಕಷ್ಟ. ಅಷ್ಟು ಚಿಕ್ಕ ಎಂಜಿನ್‌ನಲ್ಲಿ ಹಬೆ ಕೊಳವೆಯಲ್ಲೇ ತಣ್ಣಗಾಗಿ ನೀರಾಗುತ್ತದೆ, ಸಿಲಿಂಡರ್ ಬಿಸಿಯಾಗುವವರೆಗೆ ತಡೆತಡೆದು ಹೊರಡುತ್ತದೆ.

ಬಾಯ್ಲರ್_ಅಜ್ಜ

ಅದೇ ನೋಡಿ ಮೂಲ ಪ್ರಶ್ನೆ. ಎಂಜಿನನ್ನು ಕುಗ್ಗಿಸಬಹುದು, ನಿಸರ್ಗವನ್ನು ಕುಗ್ಗಿಸಲಾಗದು. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ, ಹೊಸದಾಗಿ ಕಟ್ಟುವವರಿಗೆ ಬೇಕಾಗುತ್ತದೆ.

1:16ರಲ್ಲಿ ಉದ್ದ 16ನೇ ಒಂದು ಪಾಲು, ಮೇಲ್ಮೈ 256ನೇ ಒಂದು, ತೂಕ 4096ನೇ ಒಂದು. ನಲವತ್ತು ಟನ್ ತೂಗುವ ಟ್ಯಾಂಕ್ ಎಂಜಿನ್ ಲೆಕ್ಕದ ಪ್ರಕಾರ ಹತ್ತು ಕೆಜಿಗೆ ಇಳಿಯುತ್ತದೆ. ಒಳಗಿರುವ ನೀರಿಗೆ ಹೋಲಿಸಿದರೆ ಶಾಖ ಬಿಡುವ ಮೇಲ್ಮೈ 16 ಪಟ್ಟು ಹೆಚ್ಚಾಯಿತು. ಅದಕ್ಕೇ ಪುಟ್ಟ ಬಾಯ್ಲರ್ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಬೆಂಕಿ ಕಡೆ ಒಂದು ಗಳಿಗೆ ಗಮನ ತಪ್ಪಿದರೆ ಗೇಜಿನ ಮುಳ್ಳು ಬಿದ್ದಿರುತ್ತದೆ.

ಇನ್ನು ಬಾಯ್ಲರ್ ಕೊಳವೆ. ದೊಡ್ಡ ಎಂಜಿನ್‌ನಲ್ಲಿ ಎರಡು ಇಂಚಿನ ಕೊಳವೆಗಳು ನೂರಕ್ಕೂ ಹೆಚ್ಚು ಇರುತ್ತವೆ. ಅದನ್ನು ಹಾಗೇ 1:16ಕ್ಕೆ ಇಳಿಸಿದರೆ ಮೂರು ಮಿ.ಮೀ. ಕೊಳವೆ ಆಗುತ್ತದೆ, ಮಸಿ ಕಟ್ಟಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮಾದರಿಯಲ್ಲಿ ಒಂಬತ್ತು ಹತ್ತು ಮಿ.ಮೀ. ಕೊಳವೆಗಳನ್ನು ಕೆಲವೇ ಕೆಲವು ಹಾಕುತ್ತಾರೆ. ಕೊಳವೆಯ ಉದ್ದವನ್ನು ಒಳವ್ಯಾಸದ ವರ್ಗದಿಂದ ಭಾಗಿಸಿದಾಗ, ಎಲ್ಲ ಇಂಚಿನ ಲೆಕ್ಕದಲ್ಲಿ, ಉತ್ತರ 50ರಿಂದ 70ರೊಳಗೆ ಇರಲಿ ಅನ್ನುವುದು ಹಳೆಯ ಕೈಗಣಿತ. ಇವತ್ತಿಗೂ ಅದು ಕೆಲಸಕ್ಕೆ ಬರುತ್ತದೆ.

ಇಷ್ಟು ಪುಟ್ಟ ಬಾಯ್ಲರ್‌ನಲ್ಲಿ ಕಲ್ಲಿದ್ದಲು ಉರಿದು ಕೆಲಸಕ್ಕೆ ಬೇಕಾದಷ್ಟು ಹಬೆ ಕೊಡುತ್ತದೆ ಅಂತಲೇ ಬಹಳ ಜನ ಒಂದು ಕಾಲದಲ್ಲಿ ನಂಬಿರಲಿಲ್ಲ. ಸ್ಪಿರಿಟ್ ದೀಪವೇ ಗತಿ ಅನ್ನುತ್ತಿದ್ದರು. 1920ರ ದಶಕದ ಆರಂಭದಲ್ಲಿ ಇದರ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು, ಬಾಯ್ಲರ್‌ಗಳ ಕದನ ಅಂತಲೇ ಅದಕ್ಕೆ ಹೆಸರು. ಮೇಲೆ ಹೇಳಿದ ಎಲ್‌ಬಿಎಸ್‌ಸಿ ತಮ್ಮ ಆಯೆಷಾ ಎಂಜಿನನ್ನು ಹಳಿಗೆ ತಂದರು. ಎರಡೂವರೆ ಇಂಚು ಗೇಜ್, ಕಲ್ಲಿದ್ದಲಿನ ಬೆಂಕಿ, ಹಿಂದಿನ ಗಾಡಿಯ ಮೇಲೆ ಕೂತ ಆಳನ್ನು ಎಳೆಯಿತು. 1924ರ ಪ್ರದರ್ಶನದಲ್ಲಿ ಎರಡೂ ಬಗೆಯ ಎಂಜಿನ್‌ಗಳು ಓಡಿದ ಮೇಲೆ ಕಲ್ಲಿದ್ದಲಿನ ಕಡೆಗೇ ಗಾಳಿ ಬೀಸಿತು. ಇವತ್ತು ನಾವು ಕೂತು ಓಡಿಸುವ ಪುಟ್ಟ ಎಂಜಿನ್‌ಗಳಿಗೆ ದಾರಿ ತೆರೆದದ್ದು ಆ ವಾದ.

ಮೆಲ್ಲಗೆ_ಹೊರಡು

ಅಜ್ಜ ಬರೆದರೆ ಓದುತ್ತಲೇ ಇರಬೇಕು ಅನ್ನಿಸುತ್ತದೆ.

ಹುಬ್ಬಳಿ_ಹೊಗೆ

ಸ್ಪಿರಿಟ್ ಎಂಜಿನ್ ಓಡಸೋರಿಗೆ ಒಂದ್ ಮಾತ ಹೇಳತೇನ್ರಿ. ಬಿಸಿಲಾಗ ಸ್ಪಿರಿಟ್ ಉರಿ ಕಣ್ಣಿಗೆ ಕಾಣಂಗಿಲ್ಲ. ಆರೇತಿ ಅಂತ ತಿಳಕೊಂಡು ಮ್ಯಾಲಿಂದ ಮತ್ತ ಸುರಿಬ್ಯಾಡ್ರಿ. ಕೈ ಮ್ಯಾಲೆ ಹಿಡದು ಬಿಸಿ ಐತೇನು ನೋಡಿ, ಪೂರ್ತಿ ಆರಿದ ಮ್ಯಾಲೇ ತುಂಬ್ರಿ. ಬಾಜೂಕ ಒಂದ್ ಹಸಿ ಅರಬಿ ಇರಲಿ.

ಹೊಸಹಳಿ

ಇಷ್ಟು ಜನ ಬರೆದದ್ದು ನೋಡಿ ಖುಷಿಯಾಯಿತು. ಕ್ಲಬ್ಬಿನ ಹಿರಿಯರೊಬ್ಬರಿಗೆ ಎಂಜಿನ್ ತೋರಿಸಿದೆ. ಟಿಚ್ ಅಂತಲೇ ಹೇಳಿದರು, ದೊಡ್ಡ ಬಾಯ್ಲರ್ ಇರುವ ಬಗೆ. ಹೊದಿಕೆಯ ಕೆಳಗೆ ಇರುವುದು ಉಣ್ಣೆಯ ಬಟ್ಟೆ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು, ಕಲ್ನಾರು ಅಲ್ಲ. ಬೆಸುಗೆ ಕಂಡಷ್ಟೂ ಬೆಳ್ಳಿಯದೇ. ನೀರಿನ ಪರೀಕ್ಷೆಗೆ ಇನ್ನೂ ಹೋಗಬೇಕು.

ಆ ಬಿಗಿ ಜಾಗದ್ದೇ ಚಿಂತೆ. ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಬರುತ್ತದೆ. ಚಕ್ರಗಳ ಕ್ವಾರ್ಟರಿಂಗ್ ತಪ್ಪಿದೆಯೇ?

ಲೇತ್_ಮನೆ

ಕ್ವಾರ್ಟರಿಂಗ್ ಅಂತ ತಕ್ಷಣ ತೀರ್ಮಾನಕ್ಕೆ ಬರಬೇಡಿ. ಎಡ ಬಲದ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಇರಬೇಕು ಅನ್ನುತ್ತಾರಲ್ಲ, ನಿಜವಾಗಿ ಮುಖ್ಯವಾದದ್ದು ಎಲ್ಲ ಆಕ್ಸಲ್‌ಗಳಲ್ಲೂ ಆ ಕೋನ ಒಂದೇ ಇರುವುದು. ಎರಡೂ ಆಕ್ಸಲ್‌ನಲ್ಲಿ 89 ಇದ್ದರೆ ಎಂಜಿನ್ ಸಲೀಸಾಗಿ ಓಡುತ್ತದೆ. ಒಂದರಲ್ಲಿ 90, ಇನ್ನೊಂದರಲ್ಲಿ 89 ಇದ್ದರೆ ಹಿಡಿಯುತ್ತದೆ.

ಕಂಡುಹಿಡಿಯುವ ಕ್ರಮ ಇದು. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್‌ಗಳನ್ನು ಎರಡೂ ಕಡೆ ಬಿಚ್ಚಿ, ಯಾವುದು ಯಾವ ಕಡೆ ಅಂತ ಗುರುತು ಹಾಕಿಡಿ. ಆಮೇಲೆ ಒಂದೊಂದೇ ಆಕ್ಸಲ್ ತಿರುಗಿಸಿ. ಯಾವುದೂ ಹಿಡಿಯದಿದ್ದರೆ ದೋಷ ರಾಡ್ ಅಥವಾ ಕ್ವಾರ್ಟರಿಂಗ್‌ನದು. ಹಿಂದಿನ ಆಕ್ಸಲ್ ಮಾತ್ರ ಹಿಡಿದರೆ ಕನೆಕ್ಟಿಂಗ್ ರಾಡ್ ಕಡೆ ಅಥವಾ ವಾಲ್ವ್ ಗೇರ್ ಕಡೆ ನೋಡಿ. ಬಾಯ್ಲರ್‌ಗೆ ನೀರು ತುಂಬುವ ಆಕ್ಸಲ್ ಪಂಪ್ ಇದ್ದರೆ ಅದನ್ನು ಆಡಿಸುವ ಬಳೆ, ಅಂದರೆ ಎಕ್ಸೆಂಟ್ರಿಕ್ ಸ್ಟ್ರ್ಯಾಪ್, ಮರೆಯಬೇಡಿ. ಹಳೆಯ ಎಣ್ಣೆ ಅಲ್ಲಿ ಅರಗಿನಂತೆ ಗಟ್ಟಿಯಾಗಿರುತ್ತದೆ.

ಹೊಸಹಳಿ

ಹಾಗೇ ಮಾಡಿದೆ. ಕಪ್ಲಿಂಗ್ ರಾಡ್ ಬಿಚ್ಚಿದ ಮೇಲೂ ಪಂಪ್ ಇರುವ ಆಕ್ಸಲ್ ಹಿಡಿಯುತ್ತಿತ್ತು. ಸ್ಟ್ರ್ಯಾಪ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದಾಗ ಕಂದು ಬಣ್ಣದ ಅಂಟು ಸಿಪ್ಪೆಯಂತೆ ಎದ್ದುಬಂತು. ಪಂಪಿನ ರ‍್ಯಾಮ್ ಕೂಡ ಒಣಗಿದ ಪ್ಯಾಕಿಂಗ್‌ನಲ್ಲಿ ಕಚ್ಚಿಕೊಂಡಿತ್ತು. ಈಗ ಬೆರಳಲ್ಲಿ ತಳ್ಳಿದರೆ ಸುತ್ತು ಪೂರ್ತಿ ಸಲೀಸು!

ಶಿಳ್ಳೆ

ಭೇಷ್!

ಕಿರುಗೇಜ್

ನೀರು ಯಾವುದು ಹಾಕಬೇಕು? ಬ್ಯಾಟರಿಗೆ ಹಾಕುವ ನೀರು ಒಳ್ಳೆಯದು ಅಂತ ಕೇಳಿದ್ದೇನೆ.

ಕಂಚಿನ_ಬುಶ್

ಇದಕ್ಕೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಗಡಸು ನೀರು ಬೇಡ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇಲ್ಲ, ಕೊಳವೆಗೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ದಾಟುವುದಿಲ್ಲ. ಶುದ್ಧ ಮಳೆನೀರು ಸೋಸಿ ಹಾಕಿದರೆ ಒಳ್ಳೆಯದು. ಬ್ಯಾಟರಿಗೆ ಹಾಕುವಂಥ ಅಯಾನು ತೆಗೆದ ನೀರು ಹಿತ್ತಾಳೆಯಿಂದ ಸತುವನ್ನು ಎಳೆದುಕೊಳ್ಳುತ್ತದೆ ಅಂತ ಒಂದು ಪಕ್ಷ ಹೇಳುತ್ತದೆ, ಅದರಲ್ಲಿ ಸ್ವಲ್ಪ ನಲ್ಲಿ ನೀರು ಬೆರೆಸುತ್ತಾರೆ. ಬಾಯ್ಲರ್‌ನ ಬುಶ್‌ಗಳು (ಗೇಜ್, ವಾಲ್ವ್ ತಿರುಪಿ ಕೂಡಿಸುವ ದಪ್ಪ ಬಳೆಗಳು) ಕಂಚಿನವಾದರೆ ಆ ತಲೆಬಿಸಿಯೇ ಕಡಿಮೆ. ಹಿತ್ತಾಳೆಯ ಬುಶ್ ಬಾಯ್ಲರ್‌ನಲ್ಲಿ ಇರಲೇಬಾರದು ಅನ್ನುವವನು ನಾನು.

ಬಾಯ್ಲರ್_ಅಜ್ಜ

ಯಾವ ನೀರಾದರೂ ಓಡಿಸಿದ ಮೇಲೆ ಬಾಯ್ಲರ್ ಖಾಲಿ ಮಾಡಿ ಒಣಗಿಸಿ. ಅರ್ಧ ತುಂಬಿಸಿ ಬಿಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಹೊಸಹಳಿ

ನೀರಿನ ಪರೀಕ್ಷೆ ಆಯಿತು. 120ಕ್ಕೆ ಏರಿಸಿ ಇಟ್ಟರು. ತಗಡು ಎಲ್ಲೂ ಉಬ್ಬಲಿಲ್ಲ, ಕೊಳವೆಗಳ ತುದಿ ಒಣಗೇ ಇದ್ದವು. ಆದರೆ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಕೆಳಗಿನ ಬುಶ್ ಸುತ್ತ ನೀರು ಮಣಿಮಣಿಯಾಗಿ ಜಿನುಗಿತು. ಪರೀಕ್ಷಕರು ಅದನ್ನು ಮೊನೆಯಿಂದ ಗೀರಿ ತೋರಿಸಿದರು. ಮೇಲೆ ಹಳದಿ, ಒಳಗೆ ನಸುಗೆಂಪು, ಪುಡಿಪುಡಿ. ಹಿತ್ತಾಳೆಯ ಬುಶ್ ಅಂತೆ, ಸತು ಪೂರ್ತಿ ಹೋಗಿದೆ. ಹಾಗೇ ಬೆಂಕಿ ಹಾಕಿದ್ದರೆ ಏನಾಗುತ್ತಿತ್ತೋ ಅಂತ ನೆನೆದರೆ ಎದೆ ಝಲ್ಲೆನ್ನುತ್ತದೆ. ಸದ್ಯಕ್ಕೆ ಮೆತು ಬೆಸುಗೆಯಿಂದ ಮುಚ್ಚಬಹುದೇ ಅಂತ ಒಬ್ಬರು ಕೇಳಿದರು, ಪರೀಕ್ಷಕರು ಒಪ್ಪಲಿಲ್ಲ.

ಲೇತ್_ಮನೆ

ಪರೀಕ್ಷಕರು ಹೇಳಿದ್ದೇ ಸರಿ. ಆ ಬುಶ್ ಕೊರೆದು ತೆಗೆದು ಗನ್‌ಮೆಟಲ್ ಅಥವಾ ಫಾಸ್ಫರ್ ಕಂಚಿನದು ಹಾಕಿ ಬೆಳ್ಳಿ ಬೆಸುಗೆ ಮಾಡಬೇಕು. ತಾಮ್ರ ಶಾಖವನ್ನು ಎಲ್ಲ ಕಡೆಗೂ ಹರಡುತ್ತದೆ, ಆದ್ದರಿಂದ ಒಂದು ಬುಶ್‌ಗೂ ಬಾಯ್ಲರ್ ಪೂರ್ತಿ ಕಾಯಿಸಬೇಕು. ಅನುಭವಸ್ಥರ ಕೆಲಸ. ಒಂದು ಹಿತ್ತಾಳೆ ಸಿಕ್ಕಿತು ಅಂದರೆ ಉಳಿದ ಬುಶ್‌ಗಳನ್ನೂ ಗೀರಿ ನೋಡಿ. ಆಮೇಲೆ ಹೊಸ ಬಾಯ್ಲರ್‌ನಂತೆ ಎರಡು ಪಟ್ಟು ಒತ್ತಡಕ್ಕೆ ಮತ್ತೆ ಪರೀಕ್ಷೆ ಕೇಳುತ್ತಾರೆ. ಕೊನೆಗೆ ಹಬೆಯ ಪರೀಕ್ಷೆ: ಬೆಂಕಿ ಜೋರಾಗಿದ್ದು ಹಬೆ ಎಲ್ಲೂ ಬಳಕೆಯಾಗದಿದ್ದಾಗ ಸೇಫ್ಟಿ ವಾಲ್ವ್ ತಾನೊಂದೇ ಒತ್ತಡವನ್ನು ಕೆಲಸದ ಒತ್ತಡದಿಂದ ಹತ್ತು ಪ್ರತಿಶತಕ್ಕಿಂತ ಮೇಲೇರದ ಹಾಗೆ ಹಿಡಿಯಬೇಕು. ಅಂಟಿಕೊಂಡ ಆ ಹಳೆಯ ವಾಲ್ವ್‌ನಿಂದ ಅದು ಆಗುವ ಮಾತಲ್ಲ, ಹೊಸದು ಹಾಕಿ.

ಗಾಜಿನ_ಬೀರು

ಬುಶ್ ಬದಲಿಸಲು ಬಾಯ್ಲರ್ ಇಳಿಸಬೇಕು, ಕಾಯಿಸಬೇಕು, ಆಮ್ಲದಲ್ಲಿ ಅದ್ದಬೇಕು. ನನ್ನ ಮಾತು ಈಗಲೂ ಅದೇ, ಇಲ್ಲಿಗೆ ನಿಲ್ಲಿಸಿ ಹಾಗೇ ಕಾಪಾಡಿ. ಮಾಡಿಸುವುದೇ ಆದರೆ ಇಷ್ಟು ಕೇಳಿಕೊಳ್ಳುತ್ತೇನೆ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬಣ್ಣದ ಹೊದಿಕೆ ಬೇರೆ ತಗಡು, ಅದನ್ನು ಹಾಗೇ ಎತ್ತಿಟ್ಟು ಹಾಗೇ ಕೂಡಿಸಿ, ಹೊಸ ಬಣ್ಣ ಬೇಡ. ಹಳೆಯ ವಾಲ್ವ್, ಗೇಜ್, ಬುಶ್ ಮೂರನ್ನೂ ಚೀಟಿ ಬರೆದು ಡಬ್ಬಿಯಲ್ಲಿ ಇಡಿ. ಏನು ಬದಲಿಸಿದಿರಿ, ಯಾವಾಗ, ಯಾರು ಮಾಡಿದರು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾರ ಕೈಗೆ ಹೋದರೂ ಅವರಿಗೆ ಗೊತ್ತಾಗಲಿ.

ಕಂಚಿನ_ಬುಶ್

ಇದಕ್ಕೆ ನನ್ನದೂ ಪೂರ್ತಿ ಸಹಮತ. ಓಡಿಸುವವರೂ ಈ ಪುಸ್ತಕ ಇಡಲೇಬೇಕು.

ಹೊಸಹಳಿ

ಬಾಯ್ಲರ್ ದುರಸ್ತಿಗೆ ಕೊಡುತ್ತಿದ್ದೇನೆ. ಫೋಟೋ ತೆಗೆದೆ, ಡಬ್ಬಿಯೂ ಸಿದ್ಧ. ತಮ್ಮನೂ ಒಪ್ಪಿದ, ಪಾಲಿಷ್ ಡಬ್ಬ ಮಾತ್ರ ಅವನಿಂದ ದೂರ ಇಟ್ಟಿದ್ದೇನೆ. ಬಾಯ್ಲರ್ ಬರುವವರೆಗೆ ಕೆಳಗಿನ ಫ್ರೇಮಿಗೆ ಏನು ಮಾಡಬಹುದು?

ಬಾಯ್ಲರ್_ಅಜ್ಜ

ಸಿಲಿಂಡರ್‌ಗೆ ಸ್ಟೀಮ್ ಆಯಿಲ್ ಬಿಟ್ಟು, ಫ್ರೇಮನ್ನು ಕಟ್ಟೆಯ ಮೇಲೆ ಚಕ್ರ ತೂಗುವ ಹಾಗೆ ಇಟ್ಟು, ನಾನು ಮೇಲೆ ಹೇಳಿದ ಕಡಿಮೆ ಒತ್ತಡದ ಗಾಳಿಯಲ್ಲಿ ಓಡಿಸಿ. ಕಿವಿಗೊಟ್ಟು ಕೇಳಿ, ಚಕ್ರದ ಒಂದು ಸುತ್ತಿಗೆ ನಾಲ್ಕು ಉಸಿರು ಸಮವಾಗಿ ಬರಬೇಕು. ಒಂದು ಜೋರು ಒಂದು ಮೆತ್ತಗೆ ಇದ್ದರೆ ಆ ಕಡೆಯ ವಾಲ್ವ್ ತನ್ನ ರಾಡಿನ ಮೇಲೆ ಸ್ವಲ್ಪ ಸರಿದಿದೆ ಅಂತ ಅರ್ಥ. ಸ್ಟೀಮ್ ಚೆಸ್ಟಿನ ಮುಚ್ಚಳ ತೆಗೆದು, ಪಿಸ್ಟನ್ ಎರಡೂ ಕೊನೆ ಮುಟ್ಟಿದಾಗ ಪೋರ್ಟ್ (ಹಬೆ ಒಳಹೋಗುವ ಕಿಂಡಿ) ಒಂದೇ ಅಳತೆಗೆ ತೆರೆಯುತ್ತಿದೆಯೇ ನೋಡಿ. ಹಿಂದಕ್ಕೂ ಮುಂದಕ್ಕೂ ಎರಡೂ ದಿಕ್ಕಿಗೆ ಓಡಿಸಿ ನೋಡುವುದನ್ನು ಮರೆಯಬೇಡಿ. ಸಿಲಿಂಡರ್‌ಗೆ ಎಣ್ಣೆ ಕೊಡುವ ಲ್ಯೂಬ್ರಿಕೇಟರ್ ಯಾವ ಬಗೆಯದು ಅಂತ ಬರೆಯಿರಿ. ಡಿಸ್‌ಪ್ಲೇಸ್‌ಮೆಂಟ್ ಬಗೆಯದಾದರೆ (ಹಬೆ ನೀರಾಗಿ ಎಣ್ಣೆಯನ್ನು ಮೇಲೆ ತಳ್ಳುವಂಥದ್ದು) ತಳದಲ್ಲಿ ಹಳೆಯ ನೀರು ನಿಂತಿರುತ್ತದೆ, ಅದನ್ನು ಬಸಿದ ಮೇಲೇ ಎಣ್ಣೆ ತುಂಬಿ.